ಏಟು ಕೈಯಲ್ಲಿ ಹುಟ್ಟುವುದಿಲ್ಲ

ಕನ್ನಡದಲ್ಲಿ ‘ಕೈಗುಣ’ ಎಂಬ ಚೆಂದದ ಮಾತೊಂದಿದೆ. ಅದೇ ಬೇಳೆ, ಅದೇ ಉಪ್ಪು ಹಾಕಿದರೂ ಒಬ್ಬರು ಮಾಡಿದ ಸಾರು ರುಚಿಯಾಗಿರುತ್ತದೆ, ಇನ್ನೊಬ್ಬರದು ಸಪ್ಪೆ. ಕೈಗುಣ ಎನ್ನುತ್ತೇವೆ. ಅದೇ ಮಾತ್ರೆ ಬರೆದುಕೊಟ್ಟರೂ ಒಬ್ಬ ಡಾಕ್ಟರ ಬಳಿ ಹೋದರೆ ಜ್ವರ ಬೇಗ ಬಿಡುತ್ತದೆ. ಅದೂ ಕೈಗುಣ. ಬಯಲಲ್ಲಿ ಆಡುವ ಹತ್ತು ಹುಡುಗರಲ್ಲಿ ಒಬ್ಬ ಹೊಡೆದ ಚೆಂಡು ಮಾತ್ರ ಬೇಲಿ ದಾಟಿ ಪಕ್ಕದ ಹೊಲಕ್ಕೆ ಬೀಳುತ್ತದೆ. ಕಟ್ಟೆಯ ಮೇಲೆ ಕೂತವರು ‘ಅವ್ನ ಕೈಲೇನೋ ಐತೆ’ ಎಂದು ತಲೆದೂಗುತ್ತಾರೆ.

ಈ ಮಾತಿನಲ್ಲಿ ಮೆಚ್ಚುಗೆಯಿದೆ. ಜೊತೆಗೇ, ಅವನು ಅದನ್ನು ಹೇಗೆ ಕಲಿತ ಎಂದು ಕೇಳುವ ಶ್ರಮವನ್ನು ಅದು ತಪ್ಪಿಸುತ್ತದೆ. ಕೋಲು ಬೀಸಿ ಹೊಡೆಯುವ ವಿದ್ಯೆಯ ಚರಿತ್ರೆಯನ್ನು ಓದುತ್ತ ಹೋದಂತೆ, ಈ ಪ್ರಶ್ನೆಯನ್ನು ಕೇಳದೆ ಬಿಟ್ಟವರು ನಮ್ಮ ಕಟ್ಟೆಯ ಹಿರಿಯರು ಮಾತ್ರವಲ್ಲ, ಕ್ರಿಕೆಟ್ಟಿನ ದೊಡ್ಡ ದೊಡ್ಡ ಬರಹಗಾರರೂ ಹೌದು ಎಂಬುದು ನನಗೆ ಕಾಣತೊಡಗಿತು. ಏಟು ಹೇಗೆ ಹುಟ್ಟುತ್ತದೆ ಎಂದು ಬಿಡಿಸಿ ನೋಡಿದರೆ ಈ ಚರಿತ್ರೆಯ ಒಂದು ಗಂಟೂ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ನನಗೆ ಗೊತ್ತಿರುವ ನೆಲದಿಂದಲೇ ಶುರುಮಾಡುತ್ತೇನೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ.

ಈ ನಾಲ್ಕೂ ತಾಲ್ಲೂಕಿನ ಊರುಗಳಲ್ಲಿ ಕ್ರಿಕೆಟ್ ಬ್ಯಾಟು ಬರುವುದಕ್ಕೆ ಮೊದಲೇ ಹುಡುಗರ ಕೈಯಲ್ಲಿ ಇದ್ದದ್ದು ಚಿನ್ನಿದಾಂಡು. ಚಿನ್ನಿ ಎಂದರೆ ಎರಡೂ ತುದಿಯನ್ನು ಚೂಪಾಗಿ ಕೆತ್ತಿದ, ಗೇಣಿಗಿಂತ ಚಿಕ್ಕದಾದ ಮರದ ತುಂಡು. ದಾಂಡು ಎಂದರೆ ಒಂದೂವರೆ ಎರಡು ಅಡಿಯ ಕೋಲು. ನೆಲದಲ್ಲಿ ಸಣ್ಣ ಗುಳಿ ತೋಡಿ, ಅದರ ಮೇಲೆ ಚಿನ್ನಿಯನ್ನು ಅಡ್ಡಲಾಗಿಟ್ಟು, ದಾಂಡಿನ ತುದಿಯಿಂದ ದೂರಕ್ಕೆ ಚಿಮ್ಮಿದರೆ ಆಟ ಶುರು. ಎದುರಿನವರು ಅದನ್ನು ಗಾಳಿಯಲ್ಲೇ ಹಿಡಿದರೆ ಔಟು. ಹಿಡಿಯದಿದ್ದರೆ, ಬಿದ್ದ ಜಾಗದಿಂದ ಎಸೆದು ಗುಳಿಯ ಮೇಲಿಟ್ಟ ದಾಂಡಿಗೆ ತಾಗಿಸಬೇಕು. ತಾಗದಿದ್ದರೆ ಹೊಡೆಯುವವನಿಗೆ ಅವಕಾಶ. ಅವನು ಚಿನ್ನಿಯ ಚೂಪುತುದಿಗೆ ಮೆಲ್ಲನೆ ಬಡಿದು ಮೇಲೆ ಹಾರಿಸಿ, ಅದು ನೆಲ ಮುಟ್ಟುವುದರೊಳಗೆ ಬೀಸಿ ಹೊಡೆಯುತ್ತಾನೆ. ಎಷ್ಟು ದೂರ ಹೋಯಿತೋ ಅಷ್ಟನ್ನೂ ದಾಂಡಿನಿಂದಲೇ ಅಳೆದು ಲೆಕ್ಕ ಹಾಕುವುದು. ಊರಿಂದೂರಿಗೆ ಕಟ್ಟಳೆ ಬದಲಾದರೂ ಆಟದ ಜೀವ ಇರುವುದು ಈ ಎರಡು ಏಟುಗಳಲ್ಲೇ.

ಇದು ಒಂದೂರಿನ ಆಟವಲ್ಲ ಎನ್ನುವುದಕ್ಕೆ ಭಾಷೆಯಲ್ಲೇ ಸಾಕ್ಷಿಯಿದೆ. ಮರಾಠಿ ಸೀಮೆಯಲ್ಲಿ ಇದೇ ಆಟಕ್ಕೆ ವಿಟಿದಾಂಡು ಎನ್ನುತ್ತಾರೆ. ಅಲ್ಲಿ ಎಣಿಕೆ ‘ವಕಟ, ಲೇಂಡ, ಮುಂಡ, ನಾಲ’ ಎಂದು ಸಾಗುತ್ತದೆ. ಇವು ಮರಾಠಿಯ ಎಣಿಕೆಯ ಪದಗಳಲ್ಲ. ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗು ಬಾಯಿಂದ ಬಾಯಿಗೆ ಸವೆದು ಆದ ರೂಪಗಳು. ಕನ್ನಡಿಗರಿಗೂ ಕೇಳಿದ ಕೂಡಲೇ ಗುರುತು ಸಿಗುವಂಥವು. ಆ ಎಣಿಕೆಯ ಒಂದೊಂದು ಪದಕ್ಕೂ ಒಂದೊಂದು ಬಗೆಯ ಏಟಿದೆ: ಚಿನ್ನಿಯನ್ನು ಪಾದದ ಮೇಲೆ, ಮುಷ್ಟಿಯ ಮೇಲೆ, ಕಣ್ಣಿನ ಮೇಲೆ ಇಟ್ಟು ಅಲ್ಲಿಂದ ಹಾರಿಸಿ ಹೊಡೆಯುವುದು. ದಖ್ಖನದ ಮಕ್ಕಳು ಲೆಕ್ಕ ಕಲಿಯುವಾಗಲೇ ಏಟಿನ ವರಸೆಗಳನ್ನೂ ಕಲಿಯುತ್ತಿದ್ದರು.

ಈಗ ಆ ಎರಡು ಏಟುಗಳನ್ನು ಬಿಡಿಸಿ ನೋಡೋಣ. ಮೊದಲನೆಯದು ತಟ್ಟುವುದು. ಚಿನ್ನಿಯ ತುದಿಗೆ ದಾಂಡು ತಾಗಿದರೆ ಅದು ಗಿರಗಿರನೆ ತಿರುಗುತ್ತ ಸೊಂಟದೆತ್ತರಕ್ಕೆ ಏಳಬೇಕು. ಜೋರಾಗಿ ಬಡಿದರೆ ಎತ್ತಲೋ ಹಾರುತ್ತದೆ, ಮೆಲ್ಲಗಾದರೆ ಏಳುವುದೇ ಇಲ್ಲ. ಈ ಕೆಲಸ ಮಣಿಕಟ್ಟಿನದು, ಬೆರಳಿನದು. ಎರಡನೆಯದು ಬೀಸುವುದು. ಇಲ್ಲಿ ಮಣಿಕಟ್ಟನ್ನೇ ನಂಬಿದವನ ಚಿನ್ನಿ ನಾಲ್ಕು ಮಾರು ದೂರವೂ ಹೋಗುವುದಿಲ್ಲ. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದುದು ಒಂದೇ ಪಾಠ: ‘ಬರೀ ಕೈಲಿ ಹೊಡಿಬ್ಯಾಡ ಕನ್ಲಾ, ಸೊಂಟ ತಿರುಗ್ಸು.’ ಇಷ್ಟು ಮಾತಿನೊಳಗೆ ಒಂದು ಇಡೀ ಶಾಸ್ತ್ರವಿದೆ.

ಆ ಶಾಸ್ತ್ರವನ್ನು ಕವಣೆಯ ಮೂಲಕ ನೋಡಿದರೆ ಸುಲಭ. ತೆನೆಗೆ ಮುತ್ತುವ ಹಕ್ಕಿಗಳನ್ನು ಓಡಿಸಲು ಅಟ್ಟಣೆಯ ಮೇಲೆ ನಿಂತು ಕವಣೆ ಬೀಸುವವನ ತೋಳಿನ ವೇಗ ಏನೂ ಹೆಚ್ಚಿರುವುದಿಲ್ಲ. ಆದರೆ ಹಗ್ಗದ ತುದಿಯ ಕಲ್ಲು ತೋಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಹೊರಡುತ್ತದೆ. ಬಾರುಕೋಲಿನಲ್ಲೂ ಹಾಗೇ. ಹಿಡಿ ನಿಧಾನ, ತುದಿ ಮಿಂಚು. ಗುಟ್ಟು ಇರುವುದು ನಿಲ್ಲಿಸುವುದರಲ್ಲಿ. ಮೊದಲ ಕೊಂಡಿ ತಿರುಗಿ ನಿಂತಾಗ ಅದರಲ್ಲಿದ್ದ ವೇಗ ಮುಂದಿನ ಕೊಂಡಿಗೆ ಹರಿಯುತ್ತದೆ. ಅದು ನಿಂತಾಗ ಅದರ ಮುಂದಿನದಕ್ಕೆ.

ಮನುಷ್ಯನ ದೇಹವೂ ಇಂಥ ಕೊಂಡಿಗಳ ಸಾಲೇ. ಹಿಂದಿನ ಅಂಗಾಲು ನೆಲವನ್ನು ಒತ್ತುತ್ತದೆ, ನೆಲ ತಿರುಗಿ ಒತ್ತುತ್ತದೆ. ಆ ಬಲ ಮೊಣಕಾಲಿನಿಂದ ಸೊಂಟಕ್ಕೆ ಬಂದು ಸೊಂಟ ತಿರುಗುತ್ತದೆ. ಆ ಗಳಿಗೆಯಲ್ಲಿ ಭುಜ ಇನ್ನೂ ಹಿಂದೆಯೇ ಉಳಿದಿರಬೇಕು. ಹಿಂಡಿದ ಬಟ್ಟೆಯ ಹಾಗೆ ನಡು ತಿರುಚಿಕೊಂಡಿರಬೇಕು. ಸೊಂಟ ನಿಂತಾಗ ಭುಜ ಹೊರಡುತ್ತದೆ. ಭುಜ ನಿಂತಾಗ ಮೊಣಕೈ, ಕಡೆಗೆ ಮಣಿಕಟ್ಟು, ಅದರಾಚೆ ಕೋಲು. ಕೈಬೀಸಿನಲ್ಲಿ ಮಣಿಕಟ್ಟು ಕಟ್ಟಕಡೆಯ ಕೊಂಡಿ. ತುದಿಯಲ್ಲಿರುವುದರಿಂದ ಅದೇ ಎಲ್ಲರಿಗಿಂತ ವೇಗವಾಗಿ ಚಲಿಸುತ್ತದೆ, ನೋಡುವವರ ಕಣ್ಣಿಗೆ ಅದೇ ಬೀಳುತ್ತದೆ. ಏಟನ್ನು ನೋಡಿದವರೆಲ್ಲ ಮಣಿಕಟ್ಟನ್ನು ಹೊಗಳಿದ್ದು ಇದರಿಂದಲೇ. ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಮಾಡಿ ಮುಗಿಸಿದ ಸೊಂಟ ಆಗ ಸುಮ್ಮನೆ ನಿಂತಿರುತ್ತದೆ.

ನಾಗಮಂಗಲದ ಕಡೆ ಕೊಡಲಿಯಲ್ಲಿ ಸೌದೆ ಸೀಳುವವರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಸಬ ತೋಳಿನಿಂದ ಹೊಡೆದು ಹತ್ತು ಏಟಿಗೆ ಸುಸ್ತಾಗುತ್ತಾನೆ. ಅನುಭವಸ್ಥ ಕೊಡಲಿಯನ್ನು ಎತ್ತಿ, ಮೈಭಾರವನ್ನು ಅದರ ಹಿಂದೆ ಕಳಿಸಿ, ಕೈಯನ್ನು ಬರೀ ದಾರಿ ತೋರಿಸಲು ಇಟ್ಟುಕೊಂಡಿರುತ್ತಾನೆ. ಕಣದಲ್ಲಿ ಹುರುಳಿ ಬಡಿಯುವ ಹೆಂಗಸಿನ ಕೋಲಿನಲ್ಲೂ ಇದೇ ಲಯ. ದಿನವಿಡೀ ಬಡಿಯಬೇಕಾದವಳು ಮಣಿಕಟ್ಟಿನಿಂದ ಬಡಿದರೆ ಸಂಜೆಯೊಳಗೆ ಕೈ ಊದಿಕೊಳ್ಳುತ್ತದೆ. ಬಡಿಯುವವಳನ್ನು ಯಾರೂ ಕೈಗುಣವುಳ್ಳ ಹೊಡೆತಗಾರ್ತಿ ಎನ್ನಲಿಲ್ಲ. ಅದು ಕೂಲಿ, ಇದು ಆಟ ಎಂದು ನಾವು ಬೇರೆ ಮಾಡಿಟ್ಟಿದ್ದೆವು. ದೇಹ ಮಾತ್ರ ಎರಡನ್ನೂ ಒಂದೇ ರೀತಿ ಮಾಡುತ್ತಿತ್ತು.

ಕೊಡಲಿಯ ಈ ಹೋಲಿಕೆ ನನ್ನದೊಬ್ಬನದೇ ಅಲ್ಲ. ಚೆಂಡನ್ನು ಹೊಡೆಯುವ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ತಲೆಕೆಡಿಸಿಕೊಂಡವರು ಅಮೆರಿಕದ ಬೇಸ್‌ಬಾಲ್ ಆಟಗಾರರು. ಅವರಲ್ಲಿ ಟೆಡ್ ವಿಲಿಯಮ್ಸ್ ದೊಡ್ಡ ಹೆಸರು. 1941ರಲ್ಲಿ ಅವನ ಸರಾಸರಿ .406, ಅಂದರೆ ಲೆಕ್ಕಕ್ಕೆ ಬರುವ ಸಾವಿರ ಸರದಿಗೆ 406 ಯಶಸ್ವಿ ಹೊಡೆತಗಳ ಪ್ರಮಾಣ. ಅಮೆರಿಕದ ಎರಡು ಮುಖ್ಯ ಲೀಗುಗಳಲ್ಲಿ ಅಲ್ಲಿಂದೀಚೆಗೆ ಯಾರೂ ಇಡೀ ಋತುವಿನಲ್ಲಿ .400 ಮುಟ್ಟಿಲ್ಲ. 1970ರಲ್ಲಿ ಅವನು ಹೊಡೆತದ ವಿಜ್ಞಾನದ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಸೊಂಟ ಮೊದಲು ತಿರುಗಬೇಕು, ಕೈ ಹಿಂದೆ ಬರಬೇಕು ಎಂಬುದು ಅದರ ತಿರುಳು. ಚೆಂಡು ತಾಗುವ ಗಳಿಗೆಯಲ್ಲಿ ಮಣಿಕಟ್ಟು ಹೊರಳಿರುತ್ತದೆ ಎನ್ನುವ ನಂಬಿಕೆಯನ್ನು ಅವನು ಒಪ್ಪಲಿಲ್ಲ. ಮರಕ್ಕೆ ಕೊಡಲಿ ಹಾಕುವವನ ಮಣಿಕಟ್ಟು ಹೇಗೆ ನೇರವಾಗಿ, ಗಟ್ಟಿಯಾಗಿ ಇರುತ್ತದೋ ಹಾಗೆಯೇ ಇರಬೇಕು, ಹೊರಳುವುದೆಲ್ಲ ಆಮೇಲೆ ಎಂದ.

ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಅಡೇರ್ 1990ರಲ್ಲಿ ಬೇಸ್‌ಬಾಲಿನ ಭೌತಶಾಸ್ತ್ರದ ಬಗ್ಗೆ ಬರೆದಾಗ ಇದಕ್ಕೆ ಲೆಕ್ಕದ ಬೆಂಬಲವೂ ಸಿಕ್ಕಿತು. ಚೆಂಡು ಬ್ಯಾಟಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ. ತಾಗಿದ ಅದುರು ಹಿಡಿಯವರೆಗೆ ಹೋಗಿ ಕೈಯ ಪ್ರತಿಕ್ರಿಯೆ ಹಿಂದಕ್ಕೆ ಬರುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಆ ಗಳಿಗೆಯಲ್ಲಿ ಕೈ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದರಿಂದ ಚೆಂಡಿನ ದೂರಕ್ಕೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಏಟಿನ ಹಣೆಬರಹ ಏಟಿಗೆ ಮೊದಲೇ ಬರೆದಾಗಿರುತ್ತದೆ.

ಹಾಗೆಂದು ಎಲ್ಲ ಬೀಸೂ ಒಂದೇ ಆಕಾರದ್ದಲ್ಲ. ಆಟದ ಕಟ್ಟಳೆಯೇ ಬೀಸಿನ ಆಕಾರವನ್ನು ಕೆತ್ತುತ್ತದೆ. ಬೇಸ್‌ಬಾಲಿನಲ್ಲಿ ಚೆಂಡು ನೆಲ ಮುಟ್ಟದೆ ಎತ್ತರದ ದಿಬ್ಬದಿಂದ ಇಳಿದು ಬರುತ್ತದೆ. ನೆಲದುದ್ದಕ್ಕೆ ಉರುಳಿದ ಹೊಡೆತವನ್ನು ಹತ್ತಿರದ ಫೀಲ್ಡರು ಸುಲಭವಾಗಿ ಹೆಕ್ಕಿಕೊಳ್ಳುತ್ತಾನೆ. ಹಾಗಾಗಿ ವಿಲಿಯಮ್ಸ್ ಬೀಸು ತುಸು ಮೇಲ್ಮುಖವಾಗಿರಲಿ ಎಂದ. ಕ್ರಿಕೆಟ್ಟಿನಲ್ಲಿ ಚೆಂಡು ನೆಲಕ್ಕೆ ಬಡಿದು ಪುಟಿದು ಬರುತ್ತದೆ, ಹೊಡೆದ ಮೇಲೆ ಓಡಲೇಬೇಕೆಂಬ ಬಲವಂತವಿಲ್ಲ, ಒಂದು ಕ್ಯಾಚು ಹೋದರೆ ಆ ಇನಿಂಗ್ಸೇ ಮುಗಿಯಿತು. ಹಾಗಾಗಿ ನೆಟ್ಟಗಿನ ಬ್ಯಾಟು, ಚೆಂಡನ್ನು ನೆಲಕ್ಕೆ ಒತ್ತುವ ಹೊಡೆತ ಬೆಳೆದವು. ಚಿನ್ನಿದಾಂಡಿನಲ್ಲಿ ಹಿಡಿದರೆ ಔಟು, ಆದರೆ ದೂರವೇ ಅಂಕ. ಅದರ ಬೀಸು ಇವೆರಡರ ನಡುವಿನದು.

ಇನ್ನೂ ಒಂದು ದೊಡ್ಡ ವ್ಯತ್ಯಾಸವಿದೆ, ಅದನ್ನು ಮುಚ್ಚಿಟ್ಟರೆ ಹಳ್ಳಿಯ ಆಟದ ಬಗ್ಗೆ ಸುಳ್ಳು ಹೆಮ್ಮೆಯಾಗುತ್ತದೆ. ಚಿನ್ನಿದಾಂಡಿನಲ್ಲಿ ಹೊಡೆಯುವವನಿಗೆ ಯಾರೂ ಚೆಂಡು ಹಾಕುವುದಿಲ್ಲ. ಅವನೇ ಹಾರಿಸಿ ಅವನೇ ಹೊಡೆಯುತ್ತಾನೆ, ಕಾಲ ಅವನ ಕೈಯಲ್ಲೇ ಇರುತ್ತದೆ. ಬೇಸ್‌ಬಾಲಿನ ವೇಗದ ಎಸೆತ ಬ್ಯಾಟನ್ನು ತಲುಪಲು ಸುಮಾರು 0.4 ಸೆಕೆಂಡು ಸಾಕು, ಅದರಲ್ಲಿ ಬೀಸಿಗೇ 0.15 ಸೆಕೆಂಡಿನಷ್ಟು ಹೋಗುತ್ತದೆ. ಕ್ರಿಕೆಟ್ಟಿನಲ್ಲಿ ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡಿಗೂ ಸಿಗುವುದು ಅರ್ಧ ಸೆಕೆಂಡಿನಷ್ಟೇ. 2000ದಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಎಂಬ ಬ್ರಿಟಿಷ್ ಸಂಶೋಧಕರು ಬ್ಯಾಟ್ಸ್‌ಮನ್ನರ ಕಣ್ಣಿನ ಚಲನೆಯನ್ನು ದಾಖಲಿಸಿದರು. ಅವರ ಕಣ್ಣು ಚೆಂಡನ್ನು ಉದ್ದಕ್ಕೂ ಹಿಂಬಾಲಿಸುವುದಿಲ್ಲ. ಬೌಲರ ಕೈಬಿಟ್ಟ ಕೂಡಲೇ ಸ್ವಲ್ಪ ನೋಡಿ, ಚೆಂಡು ಪುಟಿಯುವ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತದೆ. ಹೆಚ್ಚು ನುರಿತವನ ಕಣ್ಣು ಇನ್ನೂ ಬೇಗ ಜಿಗಿಯುತ್ತದೆ. ಎಲ್ಲಿ ಪುಟಿಯುತ್ತದೆ ಎಂದು ಊಹಿಸುವ ಈ ವಿದ್ಯೆ ಸಾವಿರಾರು ಚೆಂಡು ಎದುರಿಸಿದ ಮೇಲೆ ಬರುವಂಥದ್ದು. ಬೀಸನ್ನು ಹೊಲ ಕಲಿಸಬಹುದು. ಕಾಯುವುದನ್ನು ಬೌಲರೇ ಕಲಿಸಬೇಕು.

ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಬರುತ್ತೇನೆ. 1610ರಲ್ಲಿ ರಾಜ ಒಡೆಯರು ದಸರಾ ಉತ್ಸವಕ್ಕೆ ಚಾಲನೆ ಕೊಟ್ಟಿದ್ದು ಈ ಊರಲ್ಲಿ. ಜಟ್ಟಿಗಳ ಕಾಳಗ ಆ ದಸರೆಯೊಂದಿಗೆ ಬೆಳೆದು ಬಂದದ್ದು, ಇವತ್ತೂ ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುತ್ತದೆ. ಈ ಸೀಮೆಯ ಗರಡಿ ಮನೆಗಳಲ್ಲಿ ಮಟ್ಟಿಯ ಪಕ್ಕದಲ್ಲಿ ನಿಲ್ಲಿಸಿರುವ ಮರದ ಗದೆಗಳನ್ನು ನೋಡಿ. ಪೈಲ್ವಾನ ಗದೆಯನ್ನು ಭುಜದ ಹಿಂದೆ ಇಳಿಬಿಟ್ಟು, ಬೆನ್ನಿನ ಸುತ್ತ ತೂಗಿ, ಮುಂದಕ್ಕೆ ತರುತ್ತಾನೆ. ತೋಳಿನಿಂದ ಎತ್ತಲು ಹೋದರೆ ಭುಜ ಕಳಚುತ್ತದೆ. ಭಾರವೇ ಇಳಿಯಲಿ, ಸೊಂಟ ಅದಕ್ಕೆ ಜಾಗ ಕೊಡಲಿ, ತೋಳು ಹಿಂಬಾಲಿಸಲಿ ಎಂಬುದು ಗರಡಿಯ ಪಾಠ. ಕವಣೆಯದೂ ಕೊಡಲಿಯದೂ ಇದೇ ಪಾಠ, ಇಲ್ಲಿ ಅದಕ್ಕೆ ಒಬ್ಬ ಉಸ್ತಾದ್ ಇದ್ದಾನೆ, ವರಸೆಗಳಿವೆ, ವರ್ಷಗಟ್ಟಲೆಯ ಸಾಮು ಇದೆ.

ಭಾರತದ ಗರಡಿಗಳಲ್ಲಿ ಹೀಗೆ ತಿರುಗಿಸುತ್ತಿದ್ದ ಮರದ ಗದೆಗಳನ್ನು ಕಂಪನಿಯ ಸೈನ್ಯದ ಬ್ರಿಟಿಷರು ನೋಡಿದರು, ಕಲಿತರು, ಹಗುರ ಮಾಡಿಕೊಂಡು ತಮ್ಮ ಊರಿಗೆ ಒಯ್ದರು. 1834ರಲ್ಲಿ ಲಂಡನ್ನಿನಲ್ಲಿ ಡೊನಾಲ್ಡ್ ವಾಕರ್ ಬರೆದ ವ್ಯಾಯಾಮದ ಪುಸ್ತಕದಲ್ಲಿ ಅವು ‘ಇಂಡಿಯನ್ ಕ್ಲಬ್’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡವು. 1866ರಲ್ಲಿ ಸಿಮ್ ಕೀಹೋ ನ್ಯೂಯಾರ್ಕಿನಲ್ಲಿ ಅವುಗಳ ಬಗ್ಗೆಯೇ ಪುಸ್ತಕ ತಂದ. ಬೇಸ್‌ಬಾಲ್ ಆಟಗಾರನಾಗಿದ್ದ ಆಲ್ಬರ್ಟ್ ಸ್ಪಾಲ್ಡಿಂಗ್ 1876ರಲ್ಲಿ ಆರಂಭಿಸಿದ ಕ್ರೀಡಾಸಾಮಗ್ರಿ ಕಂಪನಿ ಬೇಸ್‌ಬಾಲ್ ಬ್ಯಾಟುಗಳ ಜೊತೆಗೆ ಇಂಡಿಯನ್ ಕ್ಲಬ್ಬುಗಳನ್ನೂ ಮಾರುತ್ತಿತ್ತು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸಿನಲ್ಲಿ ಮತ್ತು 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ಲಬ್ ತಿರುಗಿಸುವುದೂ ಒಂದು ಸ್ಪರ್ಧೆಯಾಗಿತ್ತು. ಭಾರತದ ಗರಡಿಯಲ್ಲಿ ಅಭ್ಯಾಸದಿಂದ ಕಲಿಯುತ್ತಿದ್ದ ಬೀಸೊಂದು ಅಮೆರಿಕದ ಅಂಗಡಿಯಲ್ಲಿ ಬೆಲೆಚೀಟಿ ಅಂಟಿಸಿಕೊಂಡು ಕೂತಿತು. ಯಾರು ಬೇಕಾದರೂ ಕೊಂಡು, ಪುಸ್ತಕ ನೋಡಿ ಕಲಿಯಬಹುದಾದ ವಿದ್ಯೆ ಅದು ಎಂದು ಆಗ ಎಲ್ಲರೂ ಒಪ್ಪಿದ್ದರು.

ವಿಚಿತ್ರವೆಂದರೆ ಅದೇ ಶತಮಾನದ ಕೊನೆಗೆ ಭಾರತೀಯನೊಬ್ಬ ಇಂಗ್ಲೆಂಡಿನಲ್ಲಿ ಬ್ಯಾಟು ಹಿಡಿದಾಗ ಮಾತು ಬೇರೆಯಾಯಿತು. ಕಾಠಿಯಾವಾಡದ ರಣಜಿತ್‌ಸಿಂಹಜಿ 1896ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇಂಗ್ಲೆಂಡ್ ಪರ ಮೊದಲ ಟೆಸ್ಟ್ ಆಡಿ 62 ಮತ್ತು ಔಟಾಗದೆ 154 ಹೊಡೆದರು. 1899ರಲ್ಲಿ ಒಂದೇ ಋತುವಿನಲ್ಲಿ ಮೂರು ಸಾವಿರ ರನ್ ದಾಟಿದ ಮೊದಲಿಗರಾದರು. ಕಾಲ ಕಡೆಗೆ ಬಂದ ಚೆಂಡನ್ನು ಮಣಿಕಟ್ಟಿನ ಒಂದು ಹೊರಳಿನಿಂದ ಹಿಂದಕ್ಕೆ ಜಾರಿಸುವ ಲೆಗ್ ಗ್ಲಾನ್ಸ್ ಅವರ ಹೆಸರಿನೊಂದಿಗೇ ಬೆಸೆದುಕೊಂಡಿತು. ಇಂಗ್ಲಿಷ್ ಬರಹಗಾರರು ಅದನ್ನು ಪೂರ್ವದೇಶದ ಮಾಯೆ, ಮಂತ್ರ, ರಕ್ತದಲ್ಲೇ ಬಂದ ಮೃದುತ್ವ ಎಂಬ ಅರ್ಥದಲ್ಲಿ ವರ್ಣಿಸಿದರು. ಇಂಗ್ಲಿಷಿನಲ್ಲಿ ಬರೆದ ಕೈಗುಣ ಅದು.

ನಡೆದದ್ದೇನು? ಕೇಂಬ್ರಿಡ್ಜಿನಲ್ಲಿ ಓದುವಾಗ ರಣಜಿ ವೃತ್ತಿಪರ ಬೌಲರುಗಳಿಗೆ ಹಣ ಕೊಟ್ಟು ಗಂಟೆಗಟ್ಟಲೆ ಬೌಲ್ ಮಾಡಿಸಿಕೊಳ್ಳುತ್ತಿದ್ದರು. ವೇಗದ ಚೆಂಡಿಗೆ ಹಿಂದಕ್ಕೆ ಸರಿಯುವ ಅಭ್ಯಾಸ ಬಿಡಿಸಲು ಡ್ಯಾನ್ ಹೇವರ್ಡ್ ಎಂಬ ತರಬೇತುದಾರ ಅವರ ಬಲಗಾಲನ್ನು ನೆಲಕ್ಕೆ ಕಟ್ಟಿಹಾಕಿದ ಎಂಬುದು ಕ್ರಿಕೆಟ್ ಚರಿತ್ರೆಯಲ್ಲಿ ಪ್ರಸಿದ್ಧ. ಕಾಲು ಸರಿಯದಿದ್ದಾಗ ದೇಹ ಬೇರೆ ದಾರಿ ಹುಡುಕಬೇಕಾಯಿತು. ಹಿಂಗಾಲು ನಿಂತಲ್ಲೇ ನಿಂತು ಸೊಂಟ ಮತ್ತು ಕೈ ತಿರುಗುವ ಹೊಡೆತ ಅಲ್ಲಿಂದ ಹೊರಟಿತು. ಮಾಯೆ ಎಂದು ಕರೆದದ್ದರ ಬುಡದಲ್ಲಿ ಇದ್ದದ್ದು ಒಂದು ಹಗ್ಗ.

ಇದರ ಪಕ್ಕದಲ್ಲೇ ಡಾನ್ ಬ್ರಾಡ್ಮನ್‌ರನ್ನು ನಿಲ್ಲಿಸಿ ನೋಡಿ. ಆಸ್ಟ್ರೇಲಿಯದ ಬೌರಲ್ ಎಂಬ ಸಣ್ಣ ಊರಿನಲ್ಲಿ ಹುಡುಗ ಬ್ರಾಡ್ಮನ್ ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ತಿರುಗಿ ಬಂದಾಗ ಸ್ಟಂಪಿನಿಂದ ಹೊಡೆಯುತ್ತ ಆಡಿದ. ಅವನ ಬ್ಯಾಟು ನೇರ ಹಿಂದಕ್ಕೆ ಹೋಗದೆ ಸ್ಲಿಪ್ ಕಡೆಗೆ ಸುತ್ತಿ ಬರುತ್ತಿತ್ತು. ಯಾವ ಪಠ್ಯದಲ್ಲೂ ಇಲ್ಲದ ಬೀಸು. ಸರಾಸರಿ 99.94. ಅವನ ಕತೆ ಹೇಳುವವರೆಲ್ಲ ಆ ತೊಟ್ಟಿಯನ್ನು, ಆ ಗಾಲ್ಫ್ ಚೆಂಡನ್ನು, ಆ ಏಕಾಂತದ ಅಭ್ಯಾಸವನ್ನು ನೆನೆಯುತ್ತಾರೆ. ಬೌರಲಿನ ರಕ್ತದಲ್ಲೇನೋ ಇದೆ ಎನ್ನುವುದಿಲ್ಲ. ಒಬ್ಬನ ಕೌಶಲಕ್ಕೆ ಕಾರಣ ಅಭ್ಯಾಸ, ಇನ್ನೊಬ್ಬನದಕ್ಕೆ ಕಾರಣ ಹುಟ್ಟು. ಈ ತಾರತಮ್ಯವನ್ನು ಹೊಗಳಿಕೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಿಂದ ನಾವೂ ಅದನ್ನು ಸಂತೋಷದಿಂದ ತೆಗೆದುಕೊಂಡೆವು.

‘ಭಾರತೀಯರ ಮಣಿಕಟ್ಟು’ ಹುಟ್ಟಿನಿಂದ ಬಂದದ್ದು ಎನ್ನುವವರಿಗೆ ಶ್ರೀರಂಗಪಟ್ಟಣದ ಕಾಲದ ತಲವಾರು ಒಳ್ಳೆಯ ಉತ್ತರ. ಭಾರತದ ತಲವಾರಿನ ಹಿಡಿ ಕಿರಿದು, ಅದರ ತುದಿಯಲ್ಲಿ ತಟ್ಟೆಯಂಥ ಬಿಲ್ಲೆ. ಹಿಡಿದರೆ ಆ ಬಿಲ್ಲೆ ಮಣಿಕಟ್ಟಿಗೆ ಒತ್ತಿ ನಿಲ್ಲುತ್ತದೆ, ಬೇಕಾದಂತೆ ಹೊರಳಲು ಬಿಡುವುದಿಲ್ಲ. ಭುಜದಿಂದ ಬೀಸಿ, ಮೈಯನ್ನು ಜೊತೆಗೊಯ್ದು, ಎಳೆದು ಕೊಯ್ಯುವ ಏಟಿಗೆಂದೇ ಮಾಡಿದ ಹಿಡಿ ಅದು. ಮಣಿಕಟ್ಟಿನ ನಾಡು ಎನಿಸಿಕೊಂಡ ನಾಡಿನ ಸೈನಿಕನ ಆಯುಧವೇ ಮಣಿಕಟ್ಟನ್ನು ಕಟ್ಟಿಹಾಕುತ್ತಿತ್ತು.

ನಮ್ಮ ರಾಜ್ಯದ ಕ್ರಿಕೆಟ್ಟಿಗೆ ಬಂದರೆ ಹುಟ್ಟಿನ ವಾದ ಇನ್ನೂ ಸೊರಗುತ್ತದೆ. 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ ಎರಡು ತಂಡಗಳಲ್ಲಿ ಮೈಸೂರು ಒಂದು. ಮೊದಲ ಇನಿಂಗ್ಸಿನಲ್ಲಿ 48, ಎರಡನೆಯದರಲ್ಲಿ 59. ಮದ್ರಾಸಿನ 130ಕ್ಕೆ ಎದುರಾಗಿ ಒಂದೇ ದಿನದಲ್ಲಿ ಇನಿಂಗ್ಸ್ ಸೋಲು. ಅದೇ ನಾಡು, ಅದೇ ರಾಗಿ ಮುದ್ದೆ, ಅದೇ ಕೈಗಳು. ಮೈಸೂರು ಕ್ರಿಕೆಟ್ ಸಂಸ್ಥೆ ಹುಟ್ಟಿ ಆಗಿನ್ನೂ ಒಂದು ವರ್ಷ. ರಣಜಿ ಟ್ರೋಫಿ ನಮ್ಮ ರಾಜ್ಯಕ್ಕೆ ಬಂದದ್ದು 1973–74ರಲ್ಲಿ, ಸತತ 15 ವರ್ಷ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲ್ಲಿನಲ್ಲಿ ಹಿಂದಿಕ್ಕಿ. ನಡುವಿನ ನಾಲ್ಕು ದಶಕಗಳಲ್ಲಿ ಬದಲಾದದ್ದು ರಕ್ತವಲ್ಲ. ಮೈದಾನಗಳಾದವು, ಕ್ಲಬ್ಬುಗಳಾದವು, ಕಲಿಸುವವರು ಬಂದರು.

ಆ ತಂಡದಲ್ಲಿದ್ದ ಗುಂಡಪ್ಪ ವಿಶ್ವನಾಥ್ ಕರ್ನಾಟಕದ ಮಣಿಕಟ್ಟಿನ ಕತೆಯ ನಾಯಕ. 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿದರು: ಮೊದಲು ಸೊನ್ನೆ, ಆಮೇಲೆ 137. ಒಟ್ಟು 91 ಟೆಸ್ಟ್, 6080 ರನ್, 14 ಶತಕ. ಅವರ ಸ್ಕ್ವೇರ್ ಕಟ್ ನೋಡಿದವರು ಅದನ್ನು ಮರೆಯುವುದಿಲ್ಲ, ಮತ್ತು ಪ್ರತಿಸಲವೂ ಮಣಿಕಟ್ಟಿನ ಮಾತನ್ನೇ ಆಡುತ್ತಾರೆ.

ಆ ಹೊಡೆತವನ್ನು ನಿಧಾನಕ್ಕೆ ಬಿಡಿಸಿ. ವಿಶ್ವನಾಥ್ ಗಿಡ್ಡ ಆಳು. ಬೇರೆಯವರ ಸೊಂಟಕ್ಕೆ ಬರುವ ಚೆಂಡು ಅವರ ಎದೆಗೆ ಬರುತ್ತದೆ. ಮೊದಲು ಚಲಿಸುವುದು ಹಿಂಗಾಲು. ಹಿಂದಕ್ಕೆ, ಆಫ್ ಸ್ಟಂಪಿನ ಕಡೆಗೆ ಸರಿದು ಮೈಭಾರವನ್ನೆಲ್ಲ ಹೊತ್ತು ನಿಲ್ಲುತ್ತದೆ. ಎಡಭುಜ ಒಳಕ್ಕೆ ತಿರುಗಿ ಬೆನ್ನು ಅರೆಬರೆ ಬೌಲರ ಕಡೆಗಾಗುತ್ತದೆ. ಬ್ಯಾಟು ಎತ್ತರದಲ್ಲಿ ಕಾಯುತ್ತದೆ. ಚೆಂಡು ಹೆಚ್ಚುಕಡಿಮೆ ದೇಹವನ್ನು ದಾಟುವಷ್ಟು ಹತ್ತಿರ ಬಂದಾಗ ಭುಜ ಬಿಚ್ಚಿಕೊಳ್ಳುತ್ತದೆ, ತೋಳುಗಳು ಚಾಚುತ್ತವೆ, ಬ್ಯಾಟು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎಲ್ಲ ಮುಗಿಯುವ ಹೊತ್ತಿಗೆ ಮಣಿಕಟ್ಟು ಚೆಂಡಿನ ಮೇಲೆ ಹೊರಳಿ ಅದನ್ನು ನೆಲಕ್ಕೆ ಒತ್ತುತ್ತದೆ. ಹೊರಳದಿದ್ದರೂ ಚೆಂಡು ಹೋಗುತ್ತಿತ್ತು, ಫೀಲ್ಡರ ಕೈಗೆ ಹೋಗುತ್ತಿತ್ತು ಅಷ್ಟೆ. ಏಟಿನ ಬಲ ಕೆಳಗಿನಿಂದ ಬಂದದ್ದು, ಉಳಿದ ವೇಗ ಬೌಲರನೇ ಕೊಟ್ಟದ್ದು. ಮಣಿಕಟ್ಟು ವಾಕ್ಯದ ಕೊನೆಯ ಪೂರ್ಣವಿರಾಮ.

1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತದ ಒಟ್ಟು 190. ಅದರಲ್ಲಿ ಔಟಾಗದೆ ಉಳಿದ ವಿಶ್ವನಾಥರದು 97. ಭಾರತ 100 ರನ್ನಿನಿಂದ ಗೆದ್ದಿತು. ಅಷ್ಟು ವೇಗದ ಬೌಲಿಂಗಿಗೆ ಅಷ್ಟು ಹೊತ್ತು ನಿಂತದ್ದನ್ನು ಮಣಿಕಟ್ಟಿನ ವರವೆಂದರೆ, ಪ್ರತಿ ಚೆಂಡಿಗೂ ಮೊದಲೇ ಸರಿದು ಸಿದ್ಧವಾಗಿದ್ದ ಆ ಹಿಂಗಾಲಿಗೆ ಅನ್ಯಾಯ ಮಾಡಿದ ಹಾಗೆ.

ಕಲಿಕೆ ಎಂದು ಒಪ್ಪಿದರೆ ಬಾಗಿಲು ಯಾರಿಗೆಲ್ಲ ತೆರೆಯುತ್ತದೆ ಎಂಬುದಕ್ಕೆ ಅದೇ ದಶಕದಲ್ಲಿ ಇನ್ನೊಂದು ನಿದರ್ಶನವಿದೆ. 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಸರಣಿ ಆಡಿದಾಗ ಅದರ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. 1977ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಅವರು ಹೊಡೆದ 108, ಟೆಸ್ಟಿನಲ್ಲಿ ಭಾರತದ ಮಹಿಳೆಯೊಬ್ಬರ ಮೊದಲ ಶತಕ. ಚಿನ್ನಿದಾಂಡು ಗಂಡುಹುಡುಗರ ಆಟ ಎಂದು ನಮ್ಮ ಊರುಗಳು ಹುಡುಗಿಯರನ್ನು ಬದಿಗೆ ಕೂರಿಸಿದ್ದ ಕಾಲ ಅದು. ಕಣದಲ್ಲಿ ಹುರುಳಿ ಬಡಿಯುತ್ತಿದ್ದ ಸೊಂಟಕ್ಕೆ ಬ್ಯಾಟು ಬೀಸಲು ಬರುವುದಿಲ್ಲ ಎಂದು ಯಾವ ದೇಹಶಾಸ್ತ್ರವೂ ಹೇಳಿರಲಿಲ್ಲ.

ಈಗ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಚಿನ್ನಿದಾಂಡು ಆಡುವವರು ಅಪರೂಪ. ಬೇಸಾಯದ ಪಂಚಾಂಗವೇ ಆ ಆಟದ ಪಂಚಾಂಗವಾಗಿತ್ತು. ರಾಗಿ ಕೊಯ್ದ ಮೇಲೆ ಬಿಡುವಾಗುವ ಹೊಲವೇ ಅದರ ಮೈದಾನ. ಕನ್ನಂಬಾಡಿ ಕಟ್ಟೆ ಎದ್ದು, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, ಶ್ರೀರಂಗಪಟ್ಟಣ ಪಾಂಡವಪುರದ ನೆಲ ಕಬ್ಬು ಭತ್ತದಿಂದ ತುಂಬಿದಾಗ ಹೊಟ್ಟೆ ತುಂಬಿತು, ಖಾಲಿ ಹೊಲ ಕಡಿಮೆಯಾಯಿತು. ಮಳೆಯನ್ನೇ ನಂಬಿದ ನಾಗಮಂಗಲದ ಹೊಲಗಳಿಗೆ ಬೇಸಿಗೆಯ ಬಿಡುವು ಉಳಿಯಿತು, ಆದರೆ ಅಲ್ಲಿನ ಹುಡುಗರ ಕೈಗೂ ಟೆನಿಸ್ ಚೆಂಡು ಬಂತು. ಇದರಲ್ಲಿ ಗೋಳಾಡುವಂಥದ್ದೇನೂ ಇಲ್ಲ. ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ ಚಿನ್ನಿದಾಂಡಿಗೆ ಇಲ್ಲದ ಗುಣವೊಂದಿದೆ: ಎದುರಿಗೊಬ್ಬ ಬೌಲರ್ ಇರುತ್ತಾನೆ, ಕಾಯುವುದನ್ನು ಕಲಿಸುತ್ತಾನೆ.

ನನಗಿರುವ ಆತಂಕ ಬೇರೆ. ಆಟದ ಜೊತೆಗೆ, ದೊಡ್ಡವನು ಚಿಕ್ಕವನಿಗೆ ‘ಸೊಂಟ ತಿರುಗ್ಸು’ ಎಂದು ಹೇಳಿಕೊಡುವ ಸಾಲು ಕಡಿದುಹೋಗಿದೆ. ಉಳಿದಿರುವುದು ಕಟ್ಟೆಯ ಮೇಲಿನ ತೀರ್ಪು ಮಾತ್ರ: ಇವನಿಗೆ ಕೈಗುಣ ಐತೆ, ಅವನಿಗಿಲ್ಲ. ಪ್ರತಿಭೆ ಹುಟ್ಟಿನಿಂದ ಬರುತ್ತದೆ ಎಂದು ನಂಬಿದ ಊರು ಯಾರಿಗೂ ಏನೂ ಸಾಲ ತೀರಿಸಬೇಕಿಲ್ಲ. ಹುಟ್ಟಿದವನು ಹೇಗೂ ಮೇಲೆ ಬರುತ್ತಾನೆ, ಉಳಿದವರು ಬರುವುದಿಲ್ಲ ಎಂದು ಕೈತೊಳೆದುಕೊಳ್ಳಬಹುದು. ಅದು ಕಲಿಕೆ ಎಂದು ಒಪ್ಪಿದ ಕೂಡಲೇ ಸಾಲ ಶುರುವಾಗುತ್ತದೆ. ಕೆ.ಆರ್. ಪೇಟೆಯ ಸರ್ಕಾರಿ ಶಾಲೆಯ ಹುಡುಗನಿಗೂ ಹುಡುಗಿಗೂ ಒಂದು ಮಟ್ಟಸ ಬಯಲು ಬೇಕು, ದಿನಕ್ಕೆ ನೂರು ಚೆಂಡು ಹಾಕುವವರು ಬೇಕು, ತಪ್ಪು ಬೀಸಿದಾಗ ಕಾಲ ಕಡೆಗೆ ಬೆರಳು ತೋರಿಸುವ ಒಬ್ಬ ಅಣ್ಣನೋ ಅಕ್ಕನೋ ಮೇಷ್ಟರೋ ಬೇಕು. ರಣಜಿಯಂತೆ ಬೌಲರುಗಳಿಗೆ ದುಡ್ಡು ಕೊಡುವ ಶಕ್ತಿ ಅವರ ಮನೆಗಳಿಗಿಲ್ಲ.

ಕೈಗುಣ ಎಂಬ ಮಾತನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಸಾರಿನ ವಿಷಯದಲ್ಲೂ ಅದರ ಅರ್ಥ ಬಲ್ಲವರಿಗೆ ಗೊತ್ತು: ಆ ಕೈ ಹಿಂದೆ ಇನ್ನೊಂದು ಕೈಯ ಪಕ್ಕದಲ್ಲಿ ನಿಂತು ಒಗ್ಗರಣೆಯ ಹದ ನೋಡಿ ಕಲಿತಿರುತ್ತದೆ. ಬೀಸುವ ಕೈಯೂ ಹಾಗೆಯೇ. ಅದರ ಗುಣ ಅದಕ್ಕೆ ಯಾರೋ ಕೊಟ್ಟದ್ದು, ಕಾಲಿನಿಂದ ಮೇಲಕ್ಕೆ ಒಂದೊಂದೇ ಕೊಂಡಿಯಾಗಿ.